ತೋಟದಿಂದ ಬರುವ ಕಣ್ಣುಹುಣ್ಣು ಮತ್ತು ಹಳೆಯ ಔಷಧಿ

ಕೊಡಗಿನ ಕಾಫಿ ಕೊಯ್ಲು ಮತ್ತು ಅದರ ಬೆನ್ನಿಗೇ ಬರುವ ಕರಿಮೆಣಸಿನ ಕೊಯ್ಲಿನ ತಿಂಗಳುಗಳಲ್ಲಿ, ಕಣ್ಣಿಗೆ ಕೊಂಬೆಯೋ ಎಲೆಯೋ ಬಡಿಸಿಕೊಂಡ ಕಾರ್ಮಿಕರು ನನ್ನ ಚಿಕಿತ್ಸಾಲಯಕ್ಕೆ ಹೆಚ್ಚಾಗಿ ಬರುತ್ತಾರೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲ್ಪದರ ತರಚಿದ ಜಾಗದಲ್ಲಿ ಮಣ್ಣು ಮತ್ತು ಸಸ್ಯಗಳಲ್ಲಿರುವ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂತಹ ಶಿಲೀಂಧ್ರಗಳು ಬೇರೂರಿ ಹುಣ್ಣಾಗುತ್ತದೆ. ಅದಕ್ಕೆ ನಂದಿಬಟ್ಟಲಿನ ರಸ ಹಿಂಡಿಸಿಕೊಂಡೋ, ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕಿಕೊಂಡೋ ಬಂದವರ ಕಣ್ಣನ್ನು ಉಳಿಸುವುದು ಬಹಳ ಕಷ್ಟ. ಸ್ಟೀರಾಯ್ಡ್ ಕೆಂಪನ್ನು ಇಳಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಬೆಳೆಯಲು ಬಿಡುತ್ತದೆ.

ಆದ್ದರಿಂದ ಯಾವ ಹನಿಯನ್ನೂ ಬರೆಯುವ ಮೊದಲು ಹುಣ್ಣಿನ ಅಂಚನ್ನು ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ನಾನು ರೂಢಿಸಿಕೊಂಡೆ. ಶಿಲೀಂಧ್ರದ ಎಳೆಗಳು ಕಂಡರೆ ಮುಂದಿನ ಪ್ರಶ್ನೆ ಔಷಧಿಯದು. ವೊರಿಕೊನಜೋಲ್ ಎಂಬ ಶಿಲೀಂಧ್ರನಾಶಕ ಹೊಸತು, ಕಣ್ಣಿನೊಳಗೆ ಚೆನ್ನಾಗಿ ಇಳಿಯುತ್ತದೆ ಎಂಬ ಕಾರಣಕ್ಕೆ ಅನೇಕರು ಅದರತ್ತ ವಾಲುತ್ತಿದ್ದ ಕಾಲದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರವೂ ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳೂ ಸೇರಿ ಅದನ್ನು ಹಳೆಯ ಶಿಲೀಂಧ್ರನಾಶಕವಾದ ನಾಟಮೈಸಿನ್ ಜೊತೆ ಹೋಲಿಸಿ 323 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹಳೆಯ ನಾಟಮೈಸಿನ್ ಪಡೆದವರ ದೃಷ್ಟಿಯೇ ಉತ್ತಮವಾಗಿತ್ತು. ಫ್ಯುಸೇರಿಯಂ ಹುಣ್ಣುಗಳಲ್ಲಿ ಈ ಅಂತರ ಎದ್ದು ಕಾಣುತ್ತಿತ್ತು, ಕಾರ್ನಿಯಾ ತೂತಾಗುವುದೂ ಕಡಿಮೆಯಿತ್ತು. ಹೊಸದನ್ನು ಕಂಡುಹಿಡಿಯುವುದಷ್ಟೇ ಸಂಶೋಧನೆಯಲ್ಲ, ಹೊಸದರ ಮೋಹವನ್ನು ಹೀಗೆ ಅಳೆದು ನೋಡುವುದೂ ಸಂಶೋಧನೆಯೇ ಎಂಬುದು ನನ್ನ ಅಭಿಪ್ರಾಯ.

ನಾಟಮೈಸಿನ್ ಬಳಸುವುದು ಮಾತ್ರ ಸುಲಭವಲ್ಲ. ಅದು ಆಳಕ್ಕೆ ಇಳಿಯದ ಕಾರಣ ಮೇಲ್ಪದರವನ್ನು ಆಗಾಗ ಕೆರೆದು ತೆಗೆಯಬೇಕಾಗುತ್ತದೆ. ಸೀಸೆಯನ್ನು ಪ್ರತಿಬಾರಿ ಕುಲುಕಬೇಕು. ಮೊದಲ ವಾರ ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಹಾಕಬೇಕು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಗಂಟೆಗೊಮ್ಮೆ ಹನಿ ಹಾಕುವವರು ಯಾರು? ಹೀಗಾಗಿ ತೋಟದ ಗುಮಾಸ್ತರಾದ ರೈಟರಿಗೆ ಚೀಟಿ ಬರೆದು, ಮನೆಯ ಒಬ್ಬರಿಗೆ ರಜೆ ಕೊಡುವಂತೆ ಕೇಳಿಕೊಳ್ಳುವುದೂ ನನ್ನ ಚಿಕಿತ್ಸೆಯ ಭಾಗವಾಯಿತು. ಔಷಧಿಯ ಬಿಳಿ ಪುಡಿ ಹುಣ್ಣಿನ ಮೇಲೆ ಕೂತಾಗ ‘ಡಾಕ್ಟ್ರೇ, ಕಣ್ಣಲ್ಲಿ ಹೂ ಬೆಳೀತಾ ಇದೆ’ ಎಂದು ಹೆದರಿ ಹನಿ ನಿಲ್ಲಿಸಿದವರಿದ್ದಾರೆ. ಈಗ ಅದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಹುಣ್ಣು ಆಗದಂತೆ ತಡೆಯುವುದಕ್ಕೆ ನನಗೆ ದಾರಿ ತೋರಿಸಿದ್ದು ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ಹಳ್ಳಿಯ ಕಾರ್ಯಕರ್ತರು ಕಣ್ಣು ತರಚಿದವರಿಗೆ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಮುಲಾಮನ್ನು ದಿನಕ್ಕೆ ಮೂರು ಬಾರಿಯಂತೆ ಮೂರು ದಿನ ಹಚ್ಚಿದರು. ಗಾಯವಾಗಿ 18 ಗಂಟೆಯೊಳಗೆ ಬಂದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ಅದನ್ನು ಓದಿದ ಮೇಲೆ ಸುತ್ತಲಿನ ಆಶಾ ಕಾರ್ಯಕರ್ತೆಯರಿಗೆ ಫ್ಲೋರೆಸಿನ್ ಎಂಬ ಬಣ್ಣವಿರುವ ಕಾಗದದ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ ನೀಲಿ ಬೆಳಕಿನಲ್ಲಿ ತರಚನ್ನು ಗುರುತಿಸುವುದನ್ನು ಕಲಿಸಿದೆ. ಹಸಿರಾಗಿ ಹೊಳೆದರೆ ಅದೇ ದಿನ ಕಳುಹಿಸಬೇಕು, ಬಿಳಿ ಚುಕ್ಕೆ ಕಂಡರಂತೂ ಮುಲಾಮಿಗೂ ಕಾಯದೆ ಕಳುಹಿಸಬೇಕು ಎಂದು ತಿಳಿಸಿದ್ದೇನೆ.