ಬೈಪಾಸ್‌ನಲ್ಲಿ ತಂಪು, ಚೆನ್ನಮ್ಮ ಸರ್ಕಲ್‌ನಲ್ಲಿ ಬಿಸಿ

"ಮೇಸ್ತ್ರಿ, ಗ್ಯಾಸ್ ಹಾಕಿ ಬಿಡ್ರಿ, ಸಾಕು. ಮತ್ತೇನೂ ಬಿಚ್ಚಬ್ಯಾಡ್ರಿ."

ಏಪ್ರಿಲ್ ತಿಂಗಳ ಮಧ್ಯಾಹ್ನ. ಹುಬ್ಬಳ್ಳಿ ಗೋಕುಲ ರಸ್ತೆಯ ನನ್ನ ಅಂಗಡಿ ಮುಂದೆ ಎರಡು ಸೀಟಿನ ಸ್ಪೋರ್ಟ್ಸ್ ಕಾರು ನಿಂತಿತ್ತು. ಕಪ್ಪು ಬಟ್ಟೆಯ ಟಾಪು, ಎಂಜಿನ್ ಸೀಟಿನ ಹಿಂದೆ. ಮಾಲೀಕರು ಹತ್ತಿ ವ್ಯಾಪಾರಿ. ವಾರಕ್ಕೆ ಎರಡು ಸಲ ಅಣ್ಣಿಗೇರಿ, ಗದಗ ಅಂತ ಓಡಾಡುವವರು.

ಕಾರಿನ ಎಸಿ ಕೆಲಸ ಮಾಡುವ ನನಗೆ ಈ ಮಾತು ಬೇಸಿಗೆಯಲ್ಲಿ ದಿನಾ ಕೇಳಿಸುತ್ತದೆ. ಆದರೆ ಎಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೇ ಸುತ್ತುತ್ತಾ ಇರುತ್ತದೆ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆಯಲ್ಲಿ ಸ್ವಲ್ಪ ಹೋಗಬಹುದು. ಅದಕ್ಕಿಂತ ಜಾಸ್ತಿ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಹಾಗಾಗಿ ಮೊದಲು ಕೇಳಿದೆ. "ಸಾವಕಾರ್ರ, ಯಾವಾಗ ತಂಪು ಬರತೈತಿ, ಯಾವಾಗ ಬರಂಗಿಲ್ರಿ?"

"ಬೈಪಾಸ್‌ನ್ಯಾಗ ಓಡಿಸೋ ಮುಂದ ಛಲೋ ಬರತೈತ್ರಿ. ಚೆನ್ನಮ್ಮ ಸರ್ಕಲ್‌ನ್ಯಾಗ ನಿಂತ್ರ ಬಿಸಿ ಗಾಳಿ. ಹೋದ ತಿಂಗಳ ಒಂದ್ ಕಡೆ ಗ್ಯಾಸ್ ಹಾಕ್ಸೇನ್ರಿ. ಆಮ್ಯಾಲೆ ಇನ್ನೂ ಕೆಟ್ಟೈತಿ."

ಅರ್ಧ ರೋಗ ಇಲ್ಲೇ ಗೊತ್ತಾಯಿತು. ಕಾರು ಓಡುವಾಗ, ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್‌ಗೆ ಗಾಳಿ ತಾನಾಗಿ ಬಡಿಯುತ್ತದೆ. ನಿಂತಾಗ ಫ್ಯಾನ್ ಎಳೆಯಬೇಕು. ನಿಂತಾಗ ಮಾತ್ರ ತಂಪು ಹೋಗುತ್ತದೆ ಅಂದರೆ ಗಾಳಿಯ ಕಡೆಯೇ ಅನುಮಾನ.

ಕಾರನ್ನು ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ, ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚಿದೆ. ಎಂಜಿನ್ ಬಂದ್ ಇದ್ದಾಗ ಎರಡೂ ಮುಳ್ಳು 115 ಪಿಎಸ್‌ಐ ಹತ್ತಿರ ನಿಂತವು. ಇದನ್ನು ನೋಡಿ ಗ್ಯಾಸ್ ಸರಿ ಇದೆ ಅಂತ ಹೇಳುವವರಿದ್ದಾರೆ. ಅದು ತಪ್ಪು. ಹೊರಗೆ 35 ಡಿಗ್ರಿ ಇದ್ದರೆ ಆರ್134ಎ ಅನ್ನುವ ಈ ಎಸಿ ಗ್ಯಾಸ್ ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಅಷ್ಟೇ ತೋರಿಸುತ್ತದೆ, ಪೂರ್ತಿ ಇದ್ದರೂ ಅಷ್ಟೇ ತೋರಿಸುತ್ತದೆ. ನಿಂತ ಕಾರಿನ ಮುಳ್ಳು ಹೇಳುವುದು ಹೊರಗಿನ ಬಿಸಿಯನ್ನು, ಗ್ಯಾಸಿನ ತೂಕವನ್ನಲ್ಲ.

ಎಂಜಿನ್ ಚಾಲೂ ಮಾಡಿ ಎಸಿ ಪೂರ್ತಿ ಇಟ್ಟೆ. ಹತ್ತು ನಿಮಿಷಕ್ಕೆ, ಗ್ಯಾಸನ್ನು ಒತ್ತುವ ಕಂಪ್ರೆಸರ್‌ಗೆ ಬರುವ ಕಡೆಯ (ಲೋ ಸೈಡ್) ಒತ್ತಡ 58, ಅದರಿಂದ ಹೊರಡುವ ಕಡೆಯದು (ಹೈ ಸೈಡ್) 330. ಈ ಹವೆಗೆ ಲೋ ಸೈಡ್ 40ರ ಆಸುಪಾಸು, ಹೈ ಸೈಡ್ 220ರಿಂದ 250 ಇದ್ದರೆ ನನಗೆ ಸಮಾಧಾನ. ಎರಡೂ ಜಾಸ್ತಿ. ಕಾರಿನೊಳಗೆ ಗಾಳಿ ಬರುವ ಜಾಳಿಗೆಯಲ್ಲಿ ಥರ್ಮಾಮೀಟರ್ 19 ಡಿಗ್ರಿ ತೋರಿಸುತ್ತಿತ್ತು.

ಆಗ ನಾನು ಯಾವತ್ತೂ ಮಾಡುವ ಪರೀಕ್ಷೆ ಮಾಡಿದೆ. ಬಂಪರಿನ ಎರಡೂ ಬಾಯಿಗೆ ಪೈಪಿನಿಂದ ತಣ್ಣೀರು ಬಿಟ್ಟೆ. ಹೈ ಸೈಡ್ ಮುಳ್ಳು ನೋಡ್ತಾ ನೋಡ್ತಾ 240ಕ್ಕೆ ಇಳಿಯಿತು. ಒಳಗೆ ಗಾಳಿ ತಂಪಾಯಿತು. ನೀರು ನಿಲ್ಲಿಸಿದೆ, ಮತ್ತೆ ಏರಿತು. ಕಂಪ್ರೆಸರ್ ಚೆನ್ನಾಗಿದೆ, ಹೊರಗೆ ಹೋಗಬೇಕಾದ ಬಿಸಿ ಹೋಗುತ್ತಿಲ್ಲ ಅನ್ನುವುದು ಖಾತ್ರಿಯಾಯಿತು. ಕಂಪ್ರೆಸರ್ ಬದಲಿಸಿ ಅಂತ ಯಾರಾದರೂ ಹೇಳಿದರೆ, ಒಪ್ಪುವ ಮೊದಲು ಒಂದು ಬಕೆಟ್ ನೀರು ಹಾಕಿ ನೋಡಿಸಿ.

ಸಾವಕಾರ್ರಿಗೆ ಅವರ ಮಾರ್ಕೆಟ್ಟಿನ ಮಾತಲ್ಲೇ ಹೇಳಿದೆ. "ಗ್ಯಾಸ್ ಅಂದ್ರ ಹಮಾಲಿ ಇದ್ದಂಗ್ರಿ. ಕಾರಿನ ಒಳಗಿನ ಬಿಸಿ ಹೊತ್ಕೊಂಡು ಬಂದು ಮುಂದ ಇಳಸ್ತಾನ. ಗೋದಾಮಿನ ಬಾಗಲಾ ಮುಚ್ಚಿದ್ರ ಅಂವಾ ಎಲ್ಲಿ ಇಳಸ್ಬೇಕ್ರಿ? ಇನ್ನ ನಾಕ ಮಂದಿ ಹಮಾಲರನ್ನ ಕರದ್ರ ಬಾಗಲದಾಗ ಗದ್ದಲ ಹೆಚ್ಚಾಗತೈತಿ, ಅಷ್ಟ." ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತು, "ಬಿಚ್ಚರಿ" ಅಂದರು.

ಈ ಕಾರಿನಲ್ಲಿ ಎಂಜಿನ್ ಹಿಂದಿದ್ದರೂ ಕಂಡೆನ್ಸರ್ ಮುಂದೆ, ಎಡಕ್ಕೊಂದು ಬಲಕ್ಕೊಂದು. ಅದರ ಬೆನ್ನಿಗೆ ರೇಡಿಯೇಟರ್, ಅದರ ಹಿಂದೆ ಫ್ಯಾನ್. ಬಂಪರ್ ನೆಲಕ್ಕೆ ಹತ್ತಿರ. ರಸ್ತೆಯ ಮೇಲಿನ ಕಸವನ್ನೆಲ್ಲ ಆ ಬಾಯಿ ಒಳಗೆಳೆಯುತ್ತದೆ. ಬಂಪರ್ ಇಳಿಸಿ, ಪೈಪ್ ಬಿಚ್ಚದೆ ಕಂಡೆನ್ಸರ್‌ನ ಬೋಲ್ಟ್ ಮಾತ್ರ ತೆಗೆದು ಮುಂದಕ್ಕೆ ವಾಲಿಸಿದೆ. ರೇಡಿಯೇಟರ್ ಕಾಣಲೇ ಇಲ್ಲ. ಬೇವಿನ ಎಲೆ, ಎರೆಮಣ್ಣಿನ ಧೂಳು, ಅದರ ನಡುವೆ ಹತ್ತಿ. ಗದಗ ರಸ್ತೆಯಲ್ಲಿ ಹತ್ತಿ ಲಾರಿಗಳ ಹಿಂದೆ ಓಡಿದಷ್ಟೂ ಎಳೆ ಎಳೆಯಾಗಿ ಬಂದು ಕೂತು, ಮಳೆಗೆ ನೆನೆದು, ಒಣಗಿ, ಕಂಬಳಿಯಂತೆ ಹೆಣೆದುಕೊಂಡಿತ್ತು. ಎರಡೂ ಕಡೆ ಸೇರಿ ಅರ್ಧ ಬುಟ್ಟಿ ತೆಗೆದೆ.

ತೊಳೆಯುವಾಗ ಅವಸರ ಮಾಡಬಾರದು. ವಾಟರ್ ಸರ್ವಿಸಿನ ಜೋರು ನೀರು ಹತ್ತಿರದಿಂದ ಬಿಟ್ಟರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ, ಗಾಳಿಯ ದಾರಿ ಖಾಯಂ ಮುಚ್ಚುತ್ತದೆ. ಮೆತ್ತಗಿನ ಬ್ರಷ್, ಮನೆ ನಲ್ಲಿಯ ಒತ್ತಡ, ಹಿಂದಿನಿಂದ ಮುಂದಕ್ಕೆ. ಎರಡು ಗಂಟೆ ಹಿಡಿಯಿತು.

ಆಮೇಲೆ ಫ್ಯಾನ್. ಎಸಿ ಹಾಕಿದಾಗ ಎಡಗಡೆಯದು ತಿರುಗಿತು, ಬಲಗಡೆಯದು ಇಲ್ಲ. ಮೋಟರಿಗೆ ನೇರವಾಗಿ 12 ವೋಲ್ಟ್ ಕೊಟ್ಟರೆ ಜೋರಾಗಿ ತಿರುಗಿತು. ಅಂದರೆ ಮೋಟರ್ ಸರಿ ಇದೆ. ಇಂಥ ಕಾರುಗಳಲ್ಲಿ ಫ್ಯಾನಿನ ಸಣ್ಣ ಸ್ಪೀಡಿಗೆ ಕರೆಂಟ್, ಅದನ್ನು ತಗ್ಗಿಸುವ ಒಂದು ರೆಸಿಸ್ಟರ್ ಮೂಲಕ ಬರುತ್ತದೆ. ಅದು ಸುಟ್ಟು ಒಳಗೆ ಕಡಿದಿತ್ತು. ಬೆಂಗಳೂರಿನಿಂದ ತರಿಸಲು ಮೂರು ದಿನ ಕಾದೆವು. ಮೋಟರಿನ ಬೆಲೆಗೆ ಹೋಲಿಸಿದರೆ ಅದರದು ತೀರಾ ಸಣ್ಣ ಖರ್ಚು.

ಕೊನೆಗೆ ಗ್ಯಾಸನ್ನು ಮಷಿನ್ನಿನೊಳಗೆ ಎಳೆದುಕೊಂಡು ಕಾಟಾ ನೋಡಿದೆ. ಮುಂದಿನ ಸ್ಟಿಕ್ಕರ್ ಪ್ರಕಾರ ಇರಬೇಕಾದದ್ದು 850 ಗ್ರಾಂ, ಬಂದದ್ದು 1,040. ಯಾರೋ ತೂಕ ನೋಡದೆ ತುಂಬಿದ್ದರು. ಗ್ಯಾಸನ್ನು ಗಾಳಿಗೆ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ, ಅದು ನನಗೆ ಸೇರುವುದಿಲ್ಲ. ಒಂದು ಕಿಲೋ ಆರ್134ಎ ಭೂಮಿಯನ್ನು ಬಿಸಿ ಮಾಡುವುದು ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. ಈ ಗ್ಯಾಸ್ ಕೈಗೆ ಸಿಡಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕನ್ನಡಕ ಕೈಗವಸು ಬೇಕೇ ಬೇಕು. ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಮುಕ್ಕಾಲು ಗಂಟೆ ಎಳೆದು (ವ್ಯಾಕ್ಯೂಮ್), ಪಂಪ್ ನಿಲ್ಲಿಸಿ ಅರ್ಧ ಗಂಟೆ ಕಾದೆ. ಮುಳ್ಳು ಅಲ್ಲಾಡಲಿಲ್ಲ. ಸೋರಿಕೆ ಸಿಗಲಿಲ್ಲ. ಸರಿಯಾಗಿ 850 ಗ್ರಾಂ ತುಂಬಿದೆ. ಧೂಳಿನಿಂದ ಕಪ್ಪಾಗಿದ್ದ ಕ್ಯಾಬಿನ್ ಫಿಲ್ಟರನ್ನೂ ಬದಲಿಸಿದೆ.

ಲೋ ಸೈಡ್ 38, ಹೈ ಸೈಡ್ 235. ಜಾಳಿಗೆಯಲ್ಲಿ 8 ಡಿಗ್ರಿ. ಇಬ್ಬರೂ ಕೂತು ಮಧ್ಯಾಹ್ನ ಎರಡಕ್ಕೆ ಚೆನ್ನಮ್ಮ ಸರ್ಕಲ್‌ಗೆ ಹೋಗಿ, ಬೇಕಂತಲೇ ಗದ್ದಲದಲ್ಲಿ ನಿಂತೆವು. 10 ಡಿಗ್ರಿ ದಾಟಲಿಲ್ಲ. ಸಾವಕಾರ್ರು ಒಳಗಿನ ಫ್ಯಾನಿನ ಸ್ಪೀಡು ಎರಡು ಹಂತ ಇಳಿಸಿದರು.

ಬಂಪರಿನ ಬಾಯಿಗೆ ತಂತಿ ಬಲೆ ಹಾಕಿಕೊಟ್ಟೆ. ಕಣ್ಣು ತೀರಾ ಸಣ್ಣದಿದ್ದರೆ ಬಲೆಯೇ ಗಾಳಿ ತಡೆಯುತ್ತದೆ, ಅದಕ್ಕೆ ಬೆರಳ ತುದಿಯಷ್ಟು ಅಗಲ ಇಟ್ಟೆ. ದೀಪಾವಳಿ ಮುಗಿದ ಮೇಲೆ, ಹೊಸ ಹತ್ತಿ ಬರುವ ಹೊತ್ತಿಗೆ, ಅವರು ತಾವಾಗಿ ಬಂದರು. ಬಲೆಗೆ ಹತ್ತಿದ್ದ ಹತ್ತಿಯನ್ನು ಬಿಡಿಸಿ ತೆಗೆದೆವು. ಒಂದು ಬೊಗಸೆ ತುಂಬ ಇತ್ತು.