ರಾಜ್ಯಕ್ಕೂ ಊರಿಗೂ ಕಟ್ಟಿದ ತೆರಿಗೆ: ಅಮೆರಿಕದ ರಿಟರ್ನ್‌ನಲ್ಲಿ ಕಳೆಯುವುದು ಹೇಗೆ?

ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಎಷ್ಟೋ ಮಂದಿ 2018ರಿಂದ ಈಚೆಗೆ ಪ್ರತಿ ವರ್ಷವೂ ಕಡಿತಗಳನ್ನು ಬಿಡಿಬಿಡಿಯಾಗಿ ಬರೆಯುವ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬ ಸಿದ್ಧ ಮೊತ್ತವನ್ನೇ ಆದಾಯದಿಂದ ಕಳೆದು ಕೇಂದ್ರದ ರಿಟರ್ನ್ ಸಲ್ಲಿಸುತ್ತ ಬಂದಿದ್ದಾರೆ. ಹಾಗೆ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. 2017ರ ಕಾನೂನು, ರಾಜ್ಯ ಮತ್ತು ಸ್ಥಳೀಯ ತೆರಿಗೆಗಳನ್ನು ಎಷ್ಟೇ ಕಟ್ಟಿದ್ದರೂ 10,000 ಡಾಲರಿಗಿಂತ ಹೆಚ್ಚು ಕಳೆಯಲು ಬಿಡುತ್ತಿರಲಿಲ್ಲ. ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನು ಈ ಮಿತಿಯನ್ನು 2025ರ ಆದಾಯಕ್ಕೆ 40,000 ಡಾಲರಿಗೆ ಏರಿಸಿದೆ. ಆದ್ದರಿಂದ ‘ಅದು ನಮಗೆ ದಕ್ಕುವುದಿಲ್ಲ’ ಎಂದು ಕೈಬಿಟ್ಟಿದ್ದವರು ಈ ಸಲ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಲೆಕ್ಕ ಹಾಕಲೇಬೇಕು.

ಮೊದಲು ಬೇಕಾದದ್ದು ವರ್ಷದ ಸಂಬಳ ಮತ್ತು ಅದರಿಂದ ಹಿಡಿದ ತೆರಿಗೆಯನ್ನು ತೋರಿಸಿ ಉದ್ಯೋಗದಾತರು ಕೊಡುವ ಡಬ್ಲ್ಯೂ-2 ಎಂಬ ಪತ್ರ. ಅದರ 17ನೇ ಚೌಕದಲ್ಲಿ ಸಂಬಳದಿಂದ ಹಿಡಿದ ರಾಜ್ಯದ ಆದಾಯ ತೆರಿಗೆ, 19ನೇ ಚೌಕದಲ್ಲಿ ನಗರ ಅಥವಾ ಕೌಂಟಿಯ ಆದಾಯ ತೆರಿಗೆ ಇರುತ್ತದೆ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಅಂಗವೈಕಲ್ಯ ವಿಮೆಗೆ, ಕುಟುಂಬ ರಜೆಯ ವಿಮೆಗೆ ಕಡ್ಡಾಯವಾಗಿ ಹಿಡಿಯುವ ಹಣವೂ ರಾಜ್ಯದ ಆದಾಯ ತೆರಿಗೆಯ ಲೆಕ್ಕಕ್ಕೇ ಸೇರುತ್ತದೆ. ಅದು ಸಾಮಾನ್ಯವಾಗಿ 14ನೇ ಚೌಕದಲ್ಲಿ ಸಣ್ಣ ಅಕ್ಷರಗಳಲ್ಲಿರುವುದರಿಂದ ಕಣ್ಣು ತಪ್ಪುತ್ತದೆ.

ಇಲ್ಲಿ ನೆನಪಿಡಬೇಕಾದ ನಿಯಮ, ತೆರಿಗೆ ಯಾವ ವರ್ಷದ್ದು ಎಂಬುದಲ್ಲ, ಹಣ ಯಾವ ವರ್ಷ ಕೈಬಿಟ್ಟಿತು ಎಂಬುದು. 2024ರ ರಾಜ್ಯ ರಿಟರ್ನ್‌ನ ಬಾಕಿಯನ್ನು 2025ರ ಏಪ್ರಿಲ್‌ನಲ್ಲಿ ಕಟ್ಟಿದ್ದರೆ ಅದು 2025ರ ಕಡಿತ. ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟುವವರು, ಜನವರಿ 15ಕ್ಕೆ ಗಡುವಿರುವ ಕೊನೆಯ ಕಂತನ್ನು ಡಿಸೆಂಬರ್ 31ರೊಳಗೆ ಕಟ್ಟಿದ್ದರೆ ಅದೂ ಹಿಂದಿನ ವರ್ಷಕ್ಕೇ ಸೇರುತ್ತದೆ. ತಡವಾಗಿ ಕಟ್ಟಿದ್ದಕ್ಕೆ ತೆತ್ತ ದಂಡ, ಬಡ್ಡಿ ಮಾತ್ರ ಸೇರುವುದಿಲ್ಲ.

ಟೆಕ್ಸಾಸ್, ಫ್ಲೋರಿಡಾ, ವಾಷಿಂಗ್ಟನ್ ರಾಜ್ಯಗಳಲ್ಲಿರುವವರ ಸಂಬಳದಿಂದ ರಾಜ್ಯದ ಆದಾಯ ತೆರಿಗೆ ಹಿಡಿಯುವುದೇ ಇಲ್ಲ. ಅವರು ಅದರ ಬದಲು ಮಾರಾಟ ತೆರಿಗೆಯನ್ನು ಕಳೆಯಬಹುದು. ವರ್ಷವಿಡೀ ರಸೀದಿ ಕೂಡಿಡದಿದ್ದರೂ ಚಿಂತೆಯಿಲ್ಲ, ಆದಾಯ ಮತ್ತು ಕುಟುಂಬದ ಗಾತ್ರಕ್ಕೆ ತಕ್ಕ ಮೊತ್ತವನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಜಾಲತಾಣದಲ್ಲಿರುವ ಕ್ಯಾಲ್ಕುಲೇಟರ್ ಕೊಡುತ್ತದೆ, ಆ ವರ್ಷ ಕಾರು ಕೊಂಡಿದ್ದರೆ ಅದರ ಮಾರಾಟ ತೆರಿಗೆಯನ್ನು ಅದಕ್ಕೆ ಕೂಡಿಸಬಹುದು. ಆದಾಯ ತೆರಿಗೆ, ಮಾರಾಟ ತೆರಿಗೆ ಎರಡನ್ನೂ ಒಟ್ಟಿಗೆ ಕಳೆಯುವಂತಿಲ್ಲ.

ಹೆಚ್ಚು ತಪ್ಪುಗಳಾಗುವುದು ಮನೆ ತೆರಿಗೆಯಲ್ಲಿ. ಸಾಲದ ಕಂತಿನ ಜೊತೆಗೆ ತಿಂಗಳು ತಿಂಗಳು, ತೆರಿಗೆಗೆಂದು ಎತ್ತಿಡುವ ಎಸ್ಕ್ರೋ ಖಾತೆಗೆ ಹೋಗುವ ಹಣವನ್ನು ಹನ್ನೆರಡರಿಂದ ಗುಣಿಸಿ ಬರೆಯುವುದು ಸರಿಯಲ್ಲ. ಸಾಲ ಕೊಟ್ಟ ಸಂಸ್ಥೆಯು ಆ ಖಾತೆಯಿಂದ ಊರಿನ ತೆರಿಗೆ ಕಚೇರಿಗೆ ಆ ವರ್ಷ ನಿಜವಾಗಿ ಕಟ್ಟಿದ್ದೆಷ್ಟೋ ಅಷ್ಟೇ ಲೆಕ್ಕಕ್ಕೆ ಬರುತ್ತದೆ. ಈ ಅಂಕಿ ವರ್ಷಾಂತ್ಯದ ಎಸ್ಕ್ರೋ ವಿವರಪಟ್ಟಿಯಲ್ಲಿ ಸಿಗುತ್ತದೆ. ಮನೆ ಕೊಂಡ ವರ್ಷವಾದರೆ ಮಾರಿದವರೂ ಕೊಂಡವರೂ ತಂತಮ್ಮ ಒಡೆತನದ ದಿನಗಳಿಗೆ ತಕ್ಕಂತೆ ತೆರಿಗೆ ಹಂಚಿಕೊಳ್ಳಬೇಕಾದ್ದರಿಂದ ನೋಂದಣಿಯ ದಿನ ಸಹಿ ಮಾಡಿದ ಲೆಕ್ಕಪತ್ರವನ್ನೂ ತೆಗೆದು ನೋಡಬೇಕು. ಬಡಾವಣೆಯ ಮನೆ ಮಾಲೀಕರ ಸಂಘದ ಶುಲ್ಕ, ನೀರು ಮತ್ತು ಕಸದ ಶುಲ್ಕ, ಮನೆ ಮುಂದಿನ ಕಾಲುದಾರಿ ಕಟ್ಟಿಸಲು ವಿಧಿಸಿದ ಹಣ, ಇವು ತೆರಿಗೆ ಬಿಲ್ಲಿನಲ್ಲೇ ಅಚ್ಚಾಗಿ ಬಂದರೂ ಕಳೆಯುವಂತಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಸ್ವಂತ ಬಳಕೆಯ ಮನೆಗೆ ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆಯೂ ಇಲ್ಲಿ ಸಲ್ಲುವುದಿಲ್ಲ, ವಿದೇಶದ ಆಸ್ತಿ ತೆರಿಗೆಯ ಈ ಕಡಿತ 2018ರಿಂದಲೇ ನಿಂತಿದೆ. ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಬಾಡಿಗೆ ಆದಾಯ ತೋರಿಸುವ ಷೆಡ್ಯೂಲ್ ಇಯಲ್ಲಿ ಅದನ್ನು ಖರ್ಚಾಗಿ ಬರೆಯಬಹುದು.

ಕಾರಿನ ವಾರ್ಷಿಕ ನೋಂದಣಿ ಶುಲ್ಕದಲ್ಲಿ, ಕಾರಿನ ಬೆಲೆಯ ಮೇಲೆ ವಿಧಿಸಿದ ಭಾಗವಷ್ಟೇ ಸಲ್ಲುತ್ತದೆ.

ಈ ಅಂಕಿಗಳು ಹೋಗಬೇಕಾದದ್ದು ಕಡಿತಗಳನ್ನು ಬಿಡಿಬಿಡಿಯಾಗಿ ಬರೆಯುವ ಷೆಡ್ಯೂಲ್ ಎ ಹಾಳೆಗೆ: ಆದಾಯ ಅಥವಾ ಮಾರಾಟ ತೆರಿಗೆ 5ಎ ಸಾಲಿಗೆ, ಮನೆ ತೆರಿಗೆ 5ಬಿ ಸಾಲಿಗೆ, ಕಾರಿನದು 5ಸಿ ಸಾಲಿಗೆ, ಮಿತಿಗೊಳಪಟ್ಟ ಮೊತ್ತ 5ಇ ಸಾಲಿನಲ್ಲಿ.

ನ್ಯೂಜೆರ್ಸಿಯ ದಂಪತಿಯೊಬ್ಬರ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಬ್ಬರ 17ನೇ ಚೌಕಗಳಲ್ಲಿ ಒಟ್ಟು 12,000 ಡಾಲರ್, 14ನೇ ಚೌಕಗಳಲ್ಲಿ 1,800 ಡಾಲರ್ ಇದೆ. ಎಸ್ಕ್ರೋಗೆ ಹೋದದ್ದು 11,000, ಆದರೆ ಊರಿಗೆ ಸಂದಾಯವಾದದ್ದು 10,400. ಹಾಗಾಗಿ ಕಡಿತದ ಮೊತ್ತ 24,200 ಡಾಲರ್. ಅದಕ್ಕೆ ಮನೆ ಸಾಲದ ಬಡ್ಡಿ 9,800, ದಾನ ಕೊಟ್ಟದ್ದು 1,000 ಸೇರಿದರೆ 35,000 ಡಾಲರ್ ಆಗುತ್ತದೆ. ಜಂಟಿಯಾಗಿ ಸಲ್ಲಿಸುವವರಿಗೆ 2025ರ ಸ್ಟ್ಯಾಂಡರ್ಡ್ ಡಿಡಕ್ಷನ್ 31,500. ಹಳೆಯ ಮಿತಿಯಲ್ಲಿ ಇದೇ ದಂಪತಿಗೆ ಸಿಗುತ್ತಿದ್ದದ್ದು 20,800 ಮಾತ್ರ, ಆಗ ಬಿಡಿಬಿಡಿಯಾಗಿ ಬರೆಯುವ ಶ್ರಮವೇ ವ್ಯರ್ಥವಾಗುತ್ತಿತ್ತು. ಈಗ 3,500 ಡಾಲರ್ ಹೆಚ್ಚು ಕಳೆಯಬಹುದು. ಅವರು ಶೇ 24ರ ತೆರಿಗೆ ಹಂತದಲ್ಲಿದ್ದರೆ 840 ಡಾಲರ್ ಉಳಿತಾಯ. ಒಬ್ಬಂಟಿಯಾಗಿ ಸಲ್ಲಿಸುವವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಇದ್ದು, ಮಿತಿ ಮಾತ್ರ ಅದೇ 40,000 ಆಗಿರುವುದರಿಂದ ಅವರಿಗೆ ಲಾಭವಾಗುವ ಸಂಭವ ಇನ್ನೂ ಹೆಚ್ಚು.

ಗಂಡ ಹೆಂಡತಿ ಬೇರೆ ಬೇರೆಯಾಗಿ ಸಲ್ಲಿಸಿದರೆ ಮಿತಿ ತಲಾ 20,000ಕ್ಕೆ ಇಳಿಯುತ್ತದೆ. ಒಬ್ಬರು ಷೆಡ್ಯೂಲ್ ಎ ತುಂಬಿದರೆ ಇನ್ನೊಬ್ಬರು ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವಂತಿಲ್ಲ.

2025ರ ಆದಾಯ 5,00,000 ಡಾಲರ್ ಮೀರಿದವರಿಗೆ, ಮೀರಿದ ಹಣದ ಶೇ 30ರಷ್ಟು ಮಿತಿಯಿಂದ ಕಡಿಮೆಯಾಗುತ್ತದೆ. 5,40,000 ಆದಾಯವಿದ್ದರೆ 12,000 ಕಳೆದು ಮಿತಿ 28,000ಕ್ಕೆ ನಿಲ್ಲುತ್ತದೆ. ಎಷ್ಟೇ ಆದಾಯವಿದ್ದರೂ 10,000ಕ್ಕಿಂತ ಕೆಳಗಿಳಿಯುವುದಿಲ್ಲ. 2026ಕ್ಕೆ ಮಿತಿ 40,400 ಆಗುತ್ತದೆ, 2029ರವರೆಗೆ ವರ್ಷಕ್ಕೆ ಶೇ 1ರಂತೆ ಏರಿ, 2030ಕ್ಕೆ ಮರಳಿ 10,000ಕ್ಕೆ ಬರುತ್ತದೆ.

ಓದಲು ಬಂದು, ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳಾದವರ 1040-ಎನ್‌ಆರ್ ನಮೂನೆ ಸಲ್ಲಿಸುವ ಮಕ್ಕಳಿಗೆ ಒಂದು ಮಾತು. ಆ ನಮೂನೆಯಲ್ಲಿ ಈ ತೆರಿಗೆಗಳ ಪೈಕಿ ರಾಜ್ಯ ಮತ್ತು ಸ್ಥಳೀಯ ಆದಾಯ ತೆರಿಗೆಯನ್ನಷ್ಟೇ ಕಳೆಯಬಹುದು. ಆದರೆ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ 21ನೇ ವಿಧಿ ಭಾರತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡುತ್ತದೆ. ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗೆ ಇಲ್ಲದ ಈ ಅನುಕೂಲವನ್ನು ನಮ್ಮ ಮಕ್ಕಳು ಅರಿಯದೆ ಬಿಡಬಾರದು.

ರಿಟರ್ನ್ ಸಲ್ಲಿಸಿದ ಮೇಲೂ ಷೆಡ್ಯೂಲ್ ಎ ಪ್ರತಿಯನ್ನು ಜೋಪಾನವಾಗಿಡಿ. ಈ ವರ್ಷ ಕಳೆದ ತೆರಿಗೆಯಲ್ಲಿ ಒಂದಷ್ಟನ್ನು ರಾಜ್ಯ ಮರಳಿಸಿದರೆ ಮುಂದಿನ ಜನವರಿಯಲ್ಲಿ 1099-ಜಿ ಎಂಬ ಪತ್ರ ಬರುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡವರಿಗೆ ಹಾಗೆ ಮರಳಿ ಬಂದ ಹಣದ ಮೇಲೆ ತೆರಿಗೆಯಿಲ್ಲ. ಮೇಲಿನ ದಂಪತಿಗೆ 600 ಡಾಲರ್ ಮರಳಿ ಬಂದರೆ, ಅದನ್ನು ಕಳೆದು ಲಾಭ ಪಡೆದಿದ್ದರಿಂದ, ಆ 600 ಅಷ್ಟೂ ಮುಂದಿನ ವರ್ಷದ ಆದಾಯವಾಗುತ್ತದೆ; ಅದನ್ನು ಬರೆಯಬೇಕಾದದ್ದು ಹೆಚ್ಚುವರಿ ಆದಾಯ ತೋರಿಸುವ ಷೆಡ್ಯೂಲ್ 1ರ ಮೊದಲ ಸಾಲಿನಲ್ಲಿ.