ಮಳೆಗಾಲಕ್ಕೂ ಜಗ್ಗದ ಜೆಲಾಟಿನ್ ಟಿಶ್ಯೂ

ಹರಿದ ಹಳೇ ಕಾಗದಕ್ಕೆ ತೇಪೆ ಹಾಕಲು ಜೆಲಾಟಿನ್ ಅಂಟು ಬಳಿದಿಟ್ಟ ತೆಳು ಕಾಗದ (ಟಿಶ್ಯೂ) ಕಲ್ಲು ಕಟ್ಟಡದಲ್ಲಿ ಮಳೆಗಾಲ ದಾಟೋದಿಲ್ಲ, ಬೂಷ್ಟು ಹಿಡಿಯುತ್ತೆ ಅಂದವರೇ ಹೆಚ್ಚು. ಹಿಡಿದಿಲ್ಲ. ಐರನ್ ಗಾಲ್ ಶಾಯಿಯ (ಕಬ್ಬಿಣದ ಉಪ್ಪು ಬೆರೆಸಿ ಮಾಡುತ್ತಿದ್ದ ಶಾಯಿ) ಹಳೇ ಕಾಗದದ ಕಡತಗಳಿಗೆ ಈಗ ನಾನು ಬೇರೇನೂ ಮುಟ್ಟೋದಿಲ್ಲ.

ಮೈದಾ ಅಂಟಿಗೆ ಮೈಲುತುತ್ತ ಬೆರೆಸೋದು ಬೈಂಡಿಂಗ್‌ನವರ ಹಳೇ ಪದ್ಧತಿ. ಹುಳ ಬರೋದಿಲ್ಲ, ನಿಜ; ಆದರೆ ಶಾಯಿಯ ಕಬ್ಬಿಣ ಕಾಗದ ತಿನ್ನುವ ಕೆಲಸಕ್ಕೆ ಮೈಲುತುತ್ತದ ತಾಮ್ರವೂ ಕೈಜೋಡಿಸುತ್ತೆ. ಹಾಳೆ ಮೇಲೆ ಶಿಫಾನ್ (ತೆಳು ರೇಷ್ಮೆ ಬಟ್ಟೆ) ಅಂಟಿಸಿದರೆ ಕೆಲವು ದಶಕಕ್ಕೆ ರೇಷ್ಮೆಯೇ ಪುಡಿಯಾಗುತ್ತೆ, ಬಿಡಿಸುವ ಖರ್ಚು ಬೇರೆ. ಮೈದಾ ಕಲಸಿ ತೊಳೆದು ಗೋಧಿ ಹಾಲು ತೆಗೆದು ಕಾಯಿಸಿದ ಅಂಟು ಒಳ್ಳೆಯದೇ, ಆದರೆ ಅದರ ನೀರು ಕಬ್ಬಿಣವನ್ನು ಅಕ್ಷರದಿಂದ ಸುತ್ತಲಿನ ಕಾಗದಕ್ಕೆ ಎಳೆದು ತರುತ್ತೆ. ಹಿಂದೆ ಬರೆಯೋಕೆ ಬಳಸುತ್ತಿದ್ದ ಬಟ್ಟೆಯ ಕಡತಕ್ಕೆ ಇದ್ದಿಲ ಜೊತೆ ಬಳಿಯುತ್ತಿದ್ದ ಹುಣಸೆ ಬೀಜದ ಸರಿಯನ್ನೂ ನೋಡಿದೆ: ಬಟ್ಟೆಗೆ ಸೊಗಸು, ಕಾಗದಕ್ಕೆ ಬಿರುಸು, ಬಣ್ಣವೂ ಕಂದು.

100 ಮಿಲಿ ಡಿಸ್ಟಿಲ್ಡ್ ನೀರಿಗೆ 3 ಗ್ರಾಂ ಜೆಲಾಟಿನ್. ಅರ್ಧ ಗಂಟೆ ನೆನೆಸಿ, ಬಿಸಿನೀರ ಪಾತ್ರೆಯಲ್ಲಿಟ್ಟು 45 ಡಿಗ್ರಿ ಆಸುಪಾಸಿನಲ್ಲಿ ಕರಗಿಸಬೇಕು. ಕುದಿಸಿದರೆ ಹಿಡಿತ ಹೋಯ್ತು. ಬೇಕರಿ ಜೆಲಾಟಿನ್ ಬೇಡ, ಒಂದೊಂದು ಪೊಟ್ಟಣ ಒಂದೊಂದು ಥರ. ಪಾಲಿಯೆಸ್ಟರ್ ಹಾಳೆ ಮೇಲೆ ಚದರ ಮೀಟರಿಗೆ 5 ಗ್ರಾಂ ತೂಕದ ಜಪಾನಿ ಟಿಶ್ಯೂ ಹಾಸಿ, ಮೇಲಿಂದ ಬ್ರಶ್ಶಿನಲ್ಲಿ ಬಳಿದು ಒಣಗಿಸಿ. ಒಣಗುವಾಗ ಅಂಚು ಸುರುಳಿಯಾಗದಂತೆ ನಾನು ಮಾಡುವ ಉಪಾಯ ಸದ್ಯ ನನ್ನ ಹತ್ತಿರವೇ ಇರಲಿ.

ಅಂಟಿಸುವಾಗ ನೀರು ಹಚ್ಚೋದಿಲ್ಲ. ಹಿಂಡಿದ ಸ್ಪಂಜಿನ ಮೇಲೆ ಎರಡು ಬ್ಲಾಟಿಂಗ್ ಹಾಳೆ, ಅದರ ಮೇಲೆ ಟಿಶ್ಯೂ ಚೂರನ್ನು ಎರಡು ಮೂರು ಸೆಕೆಂಡು ತಾಗಿಸಿ ಎತ್ತಿದರೆ ಸಾಕು. ತೇವ ಹೆಚ್ಚಾಯ್ತೋ ಎಂದು ತಿಳಿಯೋಕೆ, ಐರನ್ ಗಾಲ್ ಶಾಯಿ ಸವರಿ ಒಣಗಿಸಿಟ್ಟ ಬ್ಯಾಥೋಫೆನಾಂತ್ರೊಲಿನ್ ಕಾಗದಕ್ಕೆ (ಶಾಯಿಯಿಂದ ಕರಗಿ ಬಂದ ಕಬ್ಬಿಣ ತಾಗಿದರೆ ಕೆಂಪಾಗುವ ಪರೀಕ್ಷಾ ಕಾಗದ) ಮೊದಲು ಒಂದು ಚೂರು ಅಂಟಿಸಿ ನೋಡಿ: ಗೆರೆಯಾಚೆ ಕೆಂಪು ಹರಡಿದರೆ ಸ್ಪಂಜು ಇನ್ನೂ ಹಿಂಡಬೇಕು. ಈ ಕಾಗದ ದುಬಾರಿ, ಉಗುರಗಲ ಕತ್ತರಿಸಿಕೊಳ್ಳಿ. ಟಿಶ್ಯೂ ಹಾಳೆಯೊಂದಕ್ಕೆ 300 ರೂಪಾಯಿ ಹತ್ತಿರ ಬಿದ್ದ ನೆನಪು. ಬಿರುಕಿಗಷ್ಟೇ ಪಟ್ಟಿ ಹಾಕಿದರೆ ಒಂದು ಹಾಳೆ ದಪ್ಪ ಫೈಲಿಗೂ ಬರುತ್ತೆ.

ಬೂಷ್ಟಿನ ಮಾತು ಟಿಶ್ಯೂಗಿಂತ ಗೋಡೆಯದು. ನಮ್ಮ ರಾಜ್ಯ ಪತ್ರಾಗಾರವಿರುವ ವಿಧಾನಸೌಧ 1956ರಲ್ಲಿ ಮುಗಿದ ಗ್ರಾನೈಟ್ ಕಟ್ಟಡ. ಇಂಥ ದಪ್ಪ ಕಲ್ಲು ನಿಧಾನಕ್ಕೆ ಬಿಸಿಯಾಗುತ್ತೆ, ಹಾಗಾಗಿ ಗೋಡೆ ತಣ್ಣಗೇ ಇರುತ್ತೆ. ಮಳೆಯ ಒದ್ದೆ ಗಾಳಿ ಒಳಬಂದರೆ ಗೋಡೆ ಪಕ್ಕದ ಕಾಗದವೇ ಮೊದಲು ತೇವ ಹೀರೋದು. ರ್ಯಾಕಿಗೂ ಗೋಡೆಗೂ ಅರ್ಧ ಅಡಿ ಬಿಡಿ, ನೆಲದಿಂದಲೂ ಅಷ್ಟೇ. ತೇವಾಂಶ ಶೇ. 65 ದಾಟಿದ ದಿನ ಕಿಟಕಿ ತೆರೆಯಬೇಡಿ, ಫ್ಯಾನು ಓಡಲಿ. ಬಳಿದಿಟ್ಟ ಟಿಶ್ಯೂಗೆ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಸಾಕು.